ಕವಡೆಗೆ ನೆನಪಿಲ್ಲ, ಎಲೆಗಿದೆ



ರಜೆ ಬಂತೆಂದರೆ ಆಟದ ಸಾಮಾನು ಅಟ್ಟದಿಂದ ಇಳಿಯುತ್ತದೆ. ಕವಡೆ, ಇಸ್ಪೀಟು ಕಟ್ಟು, ಹಾವು ಏಣಿ, ಲೂಡೊ. ಮಕ್ಕಳು, ಅಜ್ಜಿ, ಚಿಕ್ಕಪ್ಪ, ಅತ್ತೆ, ಎಲ್ಲರೂ ಒಂದೇ ಚಾಪೆಯ ಮೇಲೆ. ಆಗ ತಪ್ಪದೆ ಕಿವಿಗೆ ಬೀಳುವ ಮಾತೊಂದಿದೆ. ಸೋತವರು ಆಡುವ ಮಾತು. "ನನಗೆ ಗರಾನೇ ಬೀಳಲಿಲ್ಲ." ಇಲ್ಲವೇ, "ನನ್ನ ಕೈಗೆ ಎಲೇನೇ ಬರಲಿಲ್ಲ."

ಈ ಮಾತಿನಲ್ಲಿ ನಿಜ ಎಷ್ಟಿದೆ? ಇವತ್ತಿನ ಭಾಷಣದ ಪ್ರಶ್ನೆ ಅಷ್ಟೇ.

ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಗರ ಬೀಳುವುದು ನಮ್ಮ ಕೈಯಲ್ಲಿಲ್ಲ. ಎಲೆ ಬರುವುದೂ ನಮ್ಮ ಕೈಯಲ್ಲಿಲ್ಲ. ಆದರೆ ಯಾವುದು ಎಷ್ಟು ಸಲ ಬರಬಹುದು ಎಂದು ಎಣಿಸುವುದು ನಮ್ಮ ಕೈಯಲ್ಲಿದೆ. ಆ ಎಣಿಕೆ ಕವಡೆಗೆ ಒಂದು ಥರ, ಎಲೆಗೆ ಇನ್ನೊಂದು ಥರ. ಯಾಕೆಂದರೆ ಕವಡೆಗೆ ನೆನಪಿಲ್ಲ, ಇಸ್ಪೀಟು ಕಟ್ಟಿಗೆ ನೆನಪಿದೆ. ಇದನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. ಬಿಡಿಸಿ ಹೇಳುತ್ತೇನೆ.

ಅದಕ್ಕೂ ಮುಂಚೆ ಒಂದು ಮಾತು. ದುಡ್ಡು ಕಟ್ಟಿ ಆಡುವ ಜೂಜು ನನ್ನ ವಿಷಯವಲ್ಲ. ಅದು ಎಷ್ಟು ಸಂಸಾರಗಳನ್ನು ಮುಳುಗಿಸಿದೆ ಎಂದು ನಮ್ಮ ಊರುಗಳಿಗೆ ಗೊತ್ತು. ಈಗ ಅದು ಮೊಬೈಲಿನೊಳಗೂ ಬಂದು ಕೂತಿದೆ. ನಾನು ಹೇಳುತ್ತಿರುವುದು ಮನೆಯ ಆಟ. ಗೆದ್ದರೆ ಖುಷಿ, ಸೋತರೆ ಇನ್ನೊಂದು ಆಟ.

ಚೌಕಾಬಾರದಿಂದ ಶುರು ಮಾಡೋಣ. ಆಡಿ ಗೊತ್ತಿಲ್ಲದವರಿಗೆ ಮಣೆಯನ್ನು ಮಾತಿನಲ್ಲೇ ಬರೆದು ತೋರಿಸುತ್ತೇನೆ. ಸೀಮೆಸುಣ್ಣ ತಗೊಳ್ಳಿ. ನೆಲದ ಮೇಲೆ ಒಂದು ದೊಡ್ಡ ಚೌಕ ಎಳೆಯಿರಿ. ಅಡ್ಡಕ್ಕೆ ಐದು ಮನೆ, ಉದ್ದಕ್ಕೆ ಐದು ಮನೆ ಮಾಡಿ. ಒಟ್ಟು 25 ಮನೆ. ನಾಲ್ಕು ಬದಿಗಳಲ್ಲೂ ಸರಿ ನಡುವಿನ ಮನೆಗೆ ಕತ್ತರಿ ಗೆರೆ ಹಾಕಿ. ಅವು ಕಟ್ಟೆ. ಕಟ್ಟೆಯಲ್ಲಿರುವ ಕಾಯಿಯನ್ನು ಯಾರೂ ಹೊಡೆಯುವಂತಿಲ್ಲ. ಮಣೆಯ ಮಧ್ಯದ ಮನೆಗೂ ಕತ್ತರಿ ಗೆರೆ ಹಾಕಿ. ಅಲ್ಲಿಗೆ ಹೋದ ಕಾಯಿ ಹಣ್ಣು.

ನಾಲ್ಕು ಜನ ನಾಲ್ಕು ಬದಿಗೆ ಕೂರುತ್ತಾರೆ. ಒಬ್ಬೊಬ್ಬರಿಗೆ ನಾಲ್ಕು ಕಾಯಿ. ಬಳೆಚೂರು, ಹುರುಳಿಕಾಳು, ಗುಂಡಿ, ಏನಾದರೂ ಸರಿ. ಹೊರಸುತ್ತು ಅಪ್ರದಕ್ಷಿಣೆ, ಒಳಸುತ್ತು ಪ್ರದಕ್ಷಿಣೆ. ನಿಯಮ ಊರಿಂದ ಊರಿಗೆ ಅಷ್ಟಿಷ್ಟು ಬೇರೆ. ಹೆಸರೂ ಬೇರೆ, ಕೆಲವು ಕಡೆ ಕಟ್ಟೆಮನೆ ಎನ್ನುತ್ತಾರೆ. ನಾನು ಹೆಚ್ಚು ಕಡೆ ನಡೆಯುವ ಕ್ರಮವನ್ನೇ ಹಿಡಿಯುತ್ತೇನೆ.

ಇನ್ನು ಕವಡೆ. ನಾಲ್ಕು ಕವಡೆ ಕುಲುಕಿ ಎಸೆಯುತ್ತೇವೆ. ಬಾಯಿ ಮೇಲಾಗಿ ಬಿದ್ದವನ್ನು ಎಣಿಸುತ್ತೇವೆ. ಒಂದು ಬಾಯಿ ಮೇಲಿದ್ದರೆ ಒಂದು. ಎರಡಿದ್ದರೆ ಎರಡು. ಮೂರಿದ್ದರೆ ಮೂರು. ನಾಲ್ಕೂ ಬಾಯಿ ಮೇಲಾದರೆ ಚೌಕ, ಅಂದರೆ ನಾಲ್ಕು. ನಾಲ್ಕೂ ಬೋರಲಾದರೆ ಬಾರ, ಅಂದರೆ ಎಂಟು. ಚೌಕಕ್ಕೂ ಬಾರಕ್ಕೂ ಇನ್ನೊಂದು ಸಲ ಎಸೆಯುವ ಹಕ್ಕು ಸಿಗುತ್ತದೆ.

ಚೌಕ ಮತ್ತು ಬಾರಕ್ಕೆ ಈ ಮರ್ಯಾದೆ ಯಾಕೆ? ಎಣಿಸಿ ನೋಡೋಣ. ಒಂದು ಕವಡೆ ಎರಡು ರೀತಿ ಬೀಳುತ್ತದೆ. ಎರಡು ಕವಡೆ ನಾಲ್ಕು ರೀತಿ. ಮೂರು ಕವಡೆ ಎಂಟು ರೀತಿ. ನಾಲ್ಕು ಕವಡೆ ಹದಿನಾರು ರೀತಿ. ಈ ಹದಿನಾರರಲ್ಲಿ ನಾಲ್ಕೂ ಬಾಯಿ ಮೇಲಿರುವುದು ಒಂದೇ ರೀತಿ. ನಾಲ್ಕೂ ಬೋರಲಿರುವುದು ಒಂದೇ ರೀತಿ. ಒಂದು ಮಾತ್ರ ಮೇಲಿರಬೇಕಾದರೆ ಆ ಒಂದು ಯಾವುದು? ನಾಲ್ಕರಲ್ಲಿ ಯಾವುದಾದರೂ ಆಗಬಹುದು. ಹಾಗಾಗಿ ನಾಲ್ಕು ರೀತಿ. ಮೂರು ಮೇಲಿದ್ದರೆ ಬೋರಲಾದ ಒಂದು ಯಾವುದು? ಅದೂ ನಾಲ್ಕು ರೀತಿ. ಇನ್ನು ಉಳಿದದ್ದು ಎರಡು. ನಾಲ್ಕು ಕವಡೆಯಲ್ಲಿ ಜೋಡಿ ಎಷ್ಟು? ಮೊದಲನೆಯದರ ಜೊತೆ ಎರಡನೆಯದು, ಮೂರನೆಯದು, ನಾಲ್ಕನೆಯದು. ಮೂರು ಜೋಡಿ ಆಯಿತು. ಎರಡನೆಯದರ ಜೊತೆ ಮೂರನೆಯದು, ನಾಲ್ಕನೆಯದು. ಐದಾಯಿತು. ಮೂರನೆಯದರ ಜೊತೆ ನಾಲ್ಕನೆಯದು. ಆರು ಜೋಡಿ.

ಅಂದರೆ ಹದಿನಾರರಲ್ಲಿ ಆರು ಪಾಲು ಎರಡು ಬೀಳುತ್ತದೆ. ಒಂದಕ್ಕೆ ನಾಲ್ಕು ಪಾಲು, ಮೂರಕ್ಕೆ ನಾಲ್ಕು ಪಾಲು. ಚೌಕಕ್ಕೆ ಒಂದು ಪಾಲು, ಬಾರಕ್ಕೆ ಒಂದು ಪಾಲು. ಈ ಆಟದ ನಿಯಮ ಮಾಡಿದವರು ಯಾರೋ, ಯಾವ ಕಾಲದವರೋ. ಆದರೆ ಅಪರೂಪಕ್ಕೆ ಬೀಳುವ ಗರ ಯಾವುದೆಂದು ಅವರು ಸರಿಯಾಗಿ ಬಲ್ಲವರಾಗಿದ್ದರು. ಅಪರೂಪದ್ದಕ್ಕೇ ಬಹುಮಾನ ಇಟ್ಟಿದ್ದಾರೆ.

ಈ ಲೆಕ್ಕದಿಂದ ಆಟಕ್ಕೆ ಏನು ಪ್ರಯೋಜನ? ಇಲ್ಲೇ ಸ್ವಾರಸ್ಯ ಇರುವುದು. ನಿಮ್ಮ ಕಾಯಿ ಕಟ್ಟೆ ಬಿಟ್ಟು ಬಯಲಿನಲ್ಲಿದೆ ಎನ್ನಿ. ಎದುರಾಳಿಯ ಕಾಯಿ ಎರಡು ಮನೆ ಹಿಂದಿದೆ. ಅವರಿಗೆ ಎರಡು ಬಿದ್ದರೆ ನಿಮ್ಮ ಕಾಯಿ ಹೋಯಿತು. ಹದಿನಾರರಲ್ಲಿ ಆರು ಪಾಲು ಅಪಾಯ. ಅದೇ ಕಾಯಿ ನಾಲ್ಕು ಮನೆ ಹಿಂದಿದ್ದರೆ? ಅವರಿಗೆ ಚೌಕವೇ ಬೀಳಬೇಕು. ಹದಿನಾರರಲ್ಲಿ ಒಂದು ಪಾಲು. ಐದು ಮನೆ ಹಿಂದಿದ್ದರೆ? ಐದು ಎಂಬ ಗರವೇ ಇಲ್ಲ. ಚೌಕ ಬಿದ್ದು, ಮತ್ತೆ ಎಸೆದು, ಒಂದು ಬೀಳಬೇಕು. ಅದು ಅರವತ್ತನಾಲ್ಕರಲ್ಲಿ ಒಂದು ಪಾಲು ಮಾತ್ರ. ಆದರೆ ಎಂಟು ಮನೆ ಹಿಂದಿದ್ದರೆ ಒಂದೇ ಬಾರ ಸಾಕು. ಹದಿನಾರರಲ್ಲಿ ಒಂದು ಪಾಲು. ಕೇಳುಗರೇ, ಇದನ್ನು ಗಮನಿಸಿ. ಎಂಟು ಮನೆ ದೂರದ ಕಾಯಿ ಐದು ಮನೆ ದೂರದ ಕಾಯಿಗಿಂತ ನಾಲ್ಕು ಪಟ್ಟು ಅಪಾಯ. ದೂರ ಇದ್ದ ಮಾತ್ರಕ್ಕೆ ಕ್ಷೇಮ ಅಂತಲ್ಲ.

ಚೆನ್ನಾಗಿ ಆಡುವ ಅಜ್ಜಿಯರು ಈ ಭಿನ್ನರಾಶಿಗಳನ್ನು ಎಂದೂ ಬರೆದವರಲ್ಲ. ಆದರೂ ಅವರ ಕಾಯಿ ಎದುರಾಳಿಯ ಕಾಯಿಗಿಂತ ಎರಡು ಮನೆ ಮುಂದೆ ಹೋಗಿ ನಿಲ್ಲುವುದಿಲ್ಲ. "ಅಲ್ಲಿಡಬೇಡ ಪುಟ್ಟಿ, ಕಡಿದುಬಿಡ್ತಾನೆ" ಎನ್ನುತ್ತಾರೆ. ಪುಟ್ಟಿ "ಯಾಕಜ್ಜಿ?" ಎಂದರೆ, "ಎರಡು ಬೀಳೋದು ಜಾಸ್ತಿ ಕಣೇ" ಎನ್ನುತ್ತಾರೆ. ಆ ಉತ್ತರ ಪೂರ್ತಿ ಸರಿ. ಲೆಕ್ಕದ ಪುಸ್ತಕ ಹೇಳುವುದೂ ಅದನ್ನೇ.

ಚೌಕಾಬಾರದ ಇನ್ನೊಂದು ನಿಯಮವನ್ನು ನಾನು ಬಹಳ ಮೆಚ್ಚುತ್ತೇನೆ. ಎದುರಾಳಿಯ ಒಂದು ಕಾಯಿಯನ್ನಾದರೂ ಹೊಡೆಯದೆ ಒಳಸುತ್ತಿಗೆ ಪ್ರವೇಶವಿಲ್ಲ. ಹಾಗಾಗಿ ಕಟ್ಟೆಯಿಂದ ಕಟ್ಟೆಗೆ ಹಾರುತ್ತಾ ಜೋಪಾನವಾಗಿ ಆಡುವವರು ಹೊರಗೇ ಸುತ್ತುತ್ತಿರುತ್ತಾರೆ. ಅವರ ಕಾಯಿ ಹಣ್ಣಾಗುವುದಿಲ್ಲ. ಎಲ್ಲೋ ಒಂದು ಕಡೆ ಬಯಲಿಗೆ ಬರಲೇಬೇಕು. ಎಲ್ಲಿ ಬರಬೇಕು, ಯಾವಾಗ ಬರಬೇಕು ಎನ್ನುವುದೇ ಯೋಚನೆ. ಗರ ತಾನಾಗಿ ಬೀಳುತ್ತದೆ. ಕಾಯಿ ಆರಿಸುವುದು ನೀವು. ನಾಲ್ಕು ಕಾಯಿಯಲ್ಲಿ ಯಾವುದನ್ನು ನಡೆಸಿದಿರಿ ಎಂಬುದಕ್ಕೆ ಕವಡೆಯನ್ನು ದೂರುವಂತಿಲ್ಲ.

ಇಲ್ಲಿಯವರೆಗೆ ಹೇಳಿದ್ದು ಇಷ್ಟು. ನಾಲ್ಕು ಕವಡೆ ಹದಿನಾರು ರೀತಿ ಬೀಳುತ್ತವೆ. ಎರಡು ಹೆಚ್ಚು ಸಲ, ಚೌಕ ಬಾರ ಕಡಿಮೆ ಸಲ. ಅದನ್ನು ನೋಡಿಕೊಂಡು ಕಾಯಿ ನಡೆಸಬೇಕು. ಈಗ ನೆನಪಿನ ಮಾತಿಗೆ ಬರೋಣ.

"ಆಗಲಿಂದ ಬಾರ ಬಿದ್ದಿಲ್ಲ, ಈ ಸಲ ಬಿದ್ದೇ ಬೀಳುತ್ತೆ." ಇದನ್ನು ಹೇಳದವರು ಇಲ್ಲ. ಇದು ತಪ್ಪು. ಹಿಂದಿನ ಸಲ ಏನು ಬಿತ್ತೆಂದು ಕವಡೆಗೆ ಗೊತ್ತಿಲ್ಲ. ಪ್ರತಿ ಸಲವೂ ಬಾರಕ್ಕೆ ಅದೇ ಒಂದು ಪಾಲು. ಹದಿನಾರು ಸಲ ಎಸೆದರೆ ಒಂದು ಬಾರವಾದರೂ ಬರಲೇಬೇಕಲ್ಲ ಎಂದು ತೋರುತ್ತದೆ. ಲೆಕ್ಕ ಹಾಗೆ ಹೇಳುವುದಿಲ್ಲ. ಹದಿನಾರು ಸಲ ಎಸೆದೂ ಒಂದು ಬಾರವೂ ಬೀಳದೆ ಇರುವುದು ಹೆಚ್ಚು ಕಡಿಮೆ ಮೂರರಲ್ಲಿ ಒಂದು ಪಾಲು ಉಂಟು. ಅದು ಶನಿಕಾಟವಲ್ಲ. ಯಾರ ಕಣ್ಣೂ ತಗುಲಿಲ್ಲ. ಮಕ್ಕಳಿಗೆ ಇದನ್ನು ಬೇಗ ಹೇಳಿಕೊಡುವುದು ಒಳ್ಳೆಯದು. ಮುಂದೆ ಲಾಟರಿ ಚೀಟಿ ಹಿಡಿದು "ಈ ಸಲ ಬರುತ್ತೆ" ಎನ್ನುವವರ ಮಾತಿಗೆ ಅವರು ಮರುಳಾಗುವುದಿಲ್ಲ.

ಹಾಗಾದರೆ ನಿಮ್ಮ ಮನೆಯ ಕವಡೆ ನೆಟ್ಟಗೆ ಬೀಳುತ್ತವೆಯೇ? ನಾನು ಹೇಳಿದ ಲೆಕ್ಕ ಬಾಯಿ ಮೇಲಾಗುವುದೂ ಬೋರಲಾಗುವುದೂ ಸಮಸಮ ಎಂಬ ಲೆಕ್ಕ. ನಿಜವಾದ ಕವಡೆಯ ಬೆನ್ನು ಉಬ್ಬು, ಹೊಟ್ಟೆ ಚಪ್ಪಟೆ. ಅರ್ಧ ಮಾಡಿದ ಹುಣಸೆ ಬೀಜವೂ ಹಾಗೆಯೇ. ಅದು ಒಂದು ಕಡೆಗೆ ವಾಲಬಹುದು. ಮಕ್ಕಳಿಗೆ ಒಂದು ಕಾಗದ ಕೊಡಿ. ನೂರು ಸಲ ಎಸೆದು ಗೆರೆ ಎಳೆಯಲು ಹೇಳಿ. ಕವಡೆ ಸಮವಾಗಿದ್ದರೆ ಎರಡು ಸುಮಾರು 37 ಸಲ ಬರಬೇಕು. ಒಂದು ಮತ್ತು ಮೂರು 25ರ ಆಸುಪಾಸು. ಚೌಕ, ಬಾರ ಒಂದೊಂದೂ ಆರು ಸಲ. ಸ್ವಲ್ಪ ಹೆಚ್ಚು ಕಡಿಮೆ ಇದ್ದರೆ ಚಿಂತೆಯಿಲ್ಲ. ಬಾರ ಇಪ್ಪತ್ತು ಸಲ ಬಂದರೆ ನಿಮ್ಮ ಕವಡೆಗೆ ಬೋರಲು ಬೀಳುವ ಚಾಳಿ ಇದೆ ಎಂದು ಅರ್ಥ. ಆಗ ಎಂಟು ಮನೆ ಹಿಂದಿನ ಕಾಯಿಯನ್ನು ಇನ್ನೂ ಎಚ್ಚರದಿಂದ ನೋಡಬೇಕು.

ದಾಳಕ್ಕೂ ಎಣಿಕೆಗೂ ಇರುವ ಈ ನಂಟನ್ನು ನಮ್ಮ ಹಿರಿಯರು ಬಹಳ ಹಿಂದೆಯೇ ಕಂಡಿದ್ದರು. ನಳನ ಕಥೆ ನಮಗೆಲ್ಲ ಗೊತ್ತು. ಕನಕದಾಸರು ಅದನ್ನು ಕನ್ನಡದಲ್ಲಿ ನಳಚರಿತ್ರೆಯಾಗಿ ಹಾಡಿದ್ದಾರೆ. ಮಹಾಭಾರತದಲ್ಲಿ ಅದು ನಳೋಪಾಖ್ಯಾನ. ಜೂಜಿನಲ್ಲಿ ರಾಜ್ಯ ಕಳೆದುಕೊಂಡ ನಳ, ಬಾಹುಕನಾಗಿ ಋತುಪರ್ಣನ ರಥ ಓಡಿಸುತ್ತಾನೆ. ದಾರಿಯಲ್ಲಿ ಒಂದು ತಾರೆ ಮರ ಸಿಗುತ್ತದೆ. ಋತುಪರ್ಣ ಅದರ ಎಲೆ, ಕಾಯಿಗಳ ಲೆಕ್ಕವನ್ನು ಒಂದು ನೋಟದಲ್ಲಿ ಹೇಳುತ್ತಾನೆ. ಕೊಂಬೆಗಳಲ್ಲಿ ಕಾಯಿ ಸುಮಾರು ಎರಡು ಸಾವಿರ. ನಳ ನಂಬುವುದಿಲ್ಲ. ರಥ ನಿಲ್ಲಿಸಿ ಎಣಿಸುತ್ತಾನೆ. ಲೆಕ್ಕ ಸರಿಯಾಗಿರುತ್ತದೆ. ಆ ವಿದ್ಯೆಯನ್ನು, ಅಕ್ಷಹೃದಯವನ್ನು, ಋತುಪರ್ಣ ನಳನಿಗೆ ಕೊಡುತ್ತಾನೆ. ಪ್ರತಿಯಾಗಿ ಕುದುರೆಯ ವಿದ್ಯೆಯನ್ನು ಪಡೆಯುತ್ತಾನೆ. ದಾಳದ ಮರ್ಮ ತಿಳಿದವನು ಮರದ ಕಾಯಿಯನ್ನೂ ಎಣಿಸಬಲ್ಲ ಎಂದು ಆ ಕವಿ ಎರಡನ್ನೂ ಒಂದೇ ವಿದ್ಯೆಯಾಗಿ ಕಟ್ಟಿದ್ದಾನೆ. ಅದು ತಾರೆ ಮರವೇ ಆಗಿರುವುದಕ್ಕೂ ಕಾರಣ ಉಂಟು. ವೇದಕಾಲದಲ್ಲಿ ದಾಳವಾಗಿ ಬಳಸುತ್ತಿದ್ದದ್ದು ಆ ಮರದ ಕಾಯಿಯನ್ನೇ.

ಯುರೋಪಿನಲ್ಲಿ ಈ ಎಣಿಕೆ ಶಾಸ್ತ್ರವಾಗಿ ಬೆಳೆದದ್ದು 1654ರಲ್ಲಿ. ಫ್ರಾನ್ಸಿನ ಪಾಸ್ಕಲ್ ಮತ್ತು ಫರ್ಮಾ ಎಂಬ ಗಣಿತಜ್ಞರು ಆ ವರ್ಷ ಪತ್ರ ಬರೆದುಕೊಂಡರು. ಪ್ರಶ್ನೆ ಇದು: ಆಟ ಅರ್ಧಕ್ಕೆ ನಿಂತರೆ ಪಣವನ್ನು ಹೇಗೆ ಹಂಚಬೇಕು? ನಮ್ಮ ಮನೆಗೆ ಹೊಂದುವ ಹಾಗೆ ಹೇಳುತ್ತೇನೆ. ಅಕ್ಕ, ತಮ್ಮ ಆಡುತ್ತಿದ್ದಾರೆ. ಇಬ್ಬರ ಕೈಯೂ ಸಮಸಮ. ಮೊದಲು ಮೂರು ಆಟ ಗೆದ್ದವರಿಗೆ ಹದಿನಾರು ಚಕ್ಕುಲಿ. ಅಕ್ಕ ಎರಡು ಗೆದ್ದಿದ್ದಾಳೆ, ತಮ್ಮ ಒಂದು. ಅಷ್ಟರಲ್ಲಿ ಬಸ್ಸಿಗೆ ಹೊತ್ತಾಯಿತು. ಚಕ್ಕುಲಿ ಹೇಗೆ ಹಂಚುವುದು?

ಎರಡಕ್ಕೆ ಒಂದು ಎಂಬ ಲೆಕ್ಕದಲ್ಲಿ ಎಂದು ಅನ್ನಿಸುತ್ತದೆ. ಪಾಸ್ಕಲ್, ಫರ್ಮಾ ಅದನ್ನು ಒಪ್ಪಲಿಲ್ಲ. ಆಗಿಹೋದದ್ದನ್ನು ಬಿಡಿ, ಇನ್ನು ಆಗಬೇಕಾದದ್ದನ್ನು ನೋಡಿ ಎಂದರು. ತಮ್ಮ ಗೆಲ್ಲಬೇಕಾದರೆ ಮುಂದಿನ ಎರಡು ಆಟವನ್ನೂ ಗೆಲ್ಲಬೇಕು. ಎರಡು ಆಟ ನಾಲ್ಕು ರೀತಿ ಮುಗಿಯಬಹುದು. ಅದರಲ್ಲಿ ಒಂದೇ ರೀತಿ ತಮ್ಮನದು. ಮೂರು ರೀತಿ ಅಕ್ಕನದು. ಹಾಗಾಗಿ ಅಕ್ಕನಿಗೆ ಹನ್ನೆರಡು ಚಕ್ಕುಲಿ, ತಮ್ಮನಿಗೆ ನಾಲ್ಕು. ಕವಡೆಗೆ ನೆನಪಿಲ್ಲ ಎಂಬ ಮಾತೇ ಇಲ್ಲೂ ಕೆಲಸ ಮಾಡುತ್ತದೆ. ಮುಂದಿನ ಆಟಕ್ಕೆ ಹಿಂದಿನದು ಗೊತ್ತಿಲ್ಲ.

ಕವಡೆಯ ಮಾತು ಆಯಿತು. ಪ್ರತಿ ಸಲವೂ ಹೊಸ ಎಸೆತ. ಎಣಿಸಬೇಕಾದದ್ದು ಮುಂದಿರುವುದನ್ನು ಮಾತ್ರ. ಇನ್ನು ಇಸ್ಪೀಟು. ಇಲ್ಲಿ ಎಲ್ಲವೂ ತಿರುವು ಮುರುವು.

ಒಂದು ಕಟ್ಟಿನಲ್ಲಿ 52 ಎಲೆ. ಇಸ್ಪೀಟ್ ಎಕ್ಕ ಒಂದೇ ಇದೆ. ಅದು ಕೆಳಗೆ ಬಿದ್ದರೆ ಆ ಆಟದಲ್ಲಿ ಮತ್ತೆ ಬರುವುದಿಲ್ಲ. ಒಂದೊಂದು ಎಲೆ ಬಿದ್ದಾಗಲೂ ಕಾಣದ ಎಲೆಗಳ ಗುಂಪು ಚಿಕ್ಕದಾಗುತ್ತದೆ. ಹಿಂದೆ ನಡೆದದ್ದು ಮುಂದೆ ಬರುವುದನ್ನು ಬದಲಿಸುತ್ತದೆ. ನೆನಪಿದೆ ಎಂದದ್ದು ಇದಕ್ಕೆ. ಕಟ್ಟು ನೆನಪಿಟ್ಟುಕೊಂಡಿರುತ್ತದೆ. ನೀವೂ ಇಟ್ಟುಕೊಂಡರೆ ನಿಮಗೆ ಲಾಭ.

ರಮ್ಮಿ ಎಲ್ಲರಿಗೂ ಗೊತ್ತು. ತಲಾ ಹದಿಮೂರು ಎಲೆ, ಎರಡು ಕಟ್ಟು ಸೇರಿಸಿ ಆಡುತ್ತಾರೆ. ನಿಮ್ಮ ಕೈಯಲ್ಲಿ ಆಟೀನ್ ಏಳು, ಎಂಟು ಇವೆ ಎನ್ನಿ. ಮೂರನೆಯ ಎಲೆಯಾಗಿ ಆರೂ ಆಗುತ್ತದೆ, ಒಂಬತ್ತೂ ಆಗುತ್ತದೆ. ಎರಡು ಕಟ್ಟಿನಲ್ಲಿ ಅಂಥ ಎಲೆ ನಾಲ್ಕು. ಜೊತೆಗೆ ಕಳಾವರ್ ಏಳು, ಒಂಬತ್ತು ಇವೆ. ನಡುವೆ ಎಂಟೇ ಬರಬೇಕು. ಅಂಥ ಎಲೆ ಎರಡೇ. ಜೋಕರ್ ಮಾತು ಸದ್ಯಕ್ಕೆ ಬಿಡೋಣ. ಒಂದು ಜೋಡಿಯನ್ನು ಬಿಡಬೇಕಾಗಿ ಬಂದರೆ ಯಾವುದನ್ನು ಬಿಡುತ್ತೀರಿ? ಕಳಾವರ್ ಎನ್ನುತ್ತೀರಿ. ಆಟ ಆಗತಾನೇ ಶುರುವಾಗಿದ್ದರೆ ಅದು ಸರಿ.

ಆದರೆ ಆಟ ಐದಾರು ಸುತ್ತು ನಡೆದಿದೆ. ಆಟೀನ್ ಆರು ಎರಡೂ ಬಿದ್ದುಹೋಗಿವೆ. ಆಟೀನ್ ಒಂಬತ್ತು ಒಂದು ಬಿದ್ದಿದೆ. ಈಗ ನಾಲ್ಕರಲ್ಲಿ ಉಳಿದದ್ದು ಒಂದೇ ಎಲೆ. ಕಳಾವರ್ ಎಂಟು ಎರಡೂ ಇನ್ನೂ ಕಂಡಿಲ್ಲ. ಚೆನ್ನಾಗಿತ್ತು ಎಂದುಕೊಂಡ ಜೋಡಿ ಈಗ ಸೊರಗಿದೆ. ಸಾಧಾರಣ ಎಂದುಕೊಂಡದ್ದು ಮೇಲಾಗಿದೆ. ನಿಮ್ಮ ಕೈಯ ಎಲೆ ಬದಲಾಗಿಲ್ಲ. ಬಿದ್ದ ಎಲೆಗಳು ಅದರ ಬೆಲೆಯನ್ನು ಬದಲಿಸಿವೆ. ಬಿದ್ದದ್ದನ್ನು ನೋಡದೆ ಕೈಯನ್ನೇ ನೋಡುತ್ತಾ ಕೂತವರಿಗೆ "ಎಲೆ ಬರಲಿಲ್ಲ" ಎಂದೇ ತೋರುತ್ತದೆ. ಎಲೆ ಅವರ ಕಣ್ಣೆದುರಿಗೇ ಹೋಗಿರುತ್ತದೆ.

ಎದುರಿನವರು ಎತ್ತಿಕೊಂಡ ಎಲೆಯೂ ಒಂದು ಸುಳಿವು. ನೀವು ಹಾಕಿದ ಡೈಮನ್ ಹತ್ತನ್ನು ಅತ್ತಿಗೆ ಎತ್ತಿಕೊಂಡರು. ಅವರ ಕೈಯಲ್ಲಿ ಡೈಮನ್ ಒಂಬತ್ತೋ ಜಾಕಿಯೋ ಇರಬಹುದು. ಇಲ್ಲವೇ ಬೇರೆ ಎರಡು ಹತ್ತು ಇರಬಹುದು. ಮುಂದಿನ ಸಲ ಅವರು ಇಸ್ಪೀಟ್ ಹತ್ತನ್ನು ಕೆಳಗೆ ಹಾಕಿದರೆ, ಹತ್ತು ಕೂಡಿಸುತ್ತಿಲ್ಲ ಎಂದು ಬಹುಮಟ್ಟಿಗೆ ಖಚಿತ. ಉಳಿದದ್ದು ಡೈಮನ್ ಸಾಲು. ಅವರ ಎಲೆಯನ್ನು ಇಣುಕಿ ನೋಡದೆಯೇ ನೀವು ನೋಡಿದಂತಾಯಿತು.

ಇಲ್ಲದಿರುವುದು ಕೂಡ ಸುಳಿವು ಕೊಡುತ್ತದೆ. ಕೇರಳದಲ್ಲಿ ಬಹಳ ಬಳಕೆಯಲ್ಲಿರುವ ಇಪ್ಪತ್ತೆಂಟು ಎಂಬ ಆಟದಲ್ಲಿ ಇದು ಚೆನ್ನಾಗಿ ಕಾಣುತ್ತದೆ. 32 ಎಲೆ, ನಾಲ್ಕು ಜನ, ಎದುರುಬದುರು ಕೂತವರು ಜೊತೆ. ಜಾಕಿಗೆ ಮೂರು, ಒಂಬತ್ತಕ್ಕೆ ಎರಡು, ಎಕ್ಕಕ್ಕೂ ಹತ್ತಕ್ಕೂ ಒಂದೊಂದು. ಒಟ್ಟು ಕೂಡಿದರೆ 28. ಸವಾಲು ಹಿಡಿದವರು ತುರುಪಿನ ಎಲೆಯನ್ನು ಬೋರಲಾಗಿ ಮುಚ್ಚಿಡುತ್ತಾರೆ. ಆಟೀನ್ ಇಳಿದಾಗ ಒಬ್ಬರು ಆಟೀನ್ ಹಾಕಲಿಲ್ಲ ಎಂದರೆ ಅವರಲ್ಲಿ ಆಟೀನ್ ಇಲ್ಲವೇ ಇಲ್ಲ. ಆ ಒಂದು ಎಲೆಯಿಂದ ಅವರ ಕೈಯ ಒಂದು ಭಾಗ ಬಯಲಾಗುತ್ತದೆ. ಉಳಿದ ಆಟೀನ್ ಯಾರಲ್ಲಿರಬೇಕು ಎಂದು ಕಳೆಯುತ್ತಾ ಹೋಗಬಹುದು. ತರ್ಕವನ್ನು ಇಷ್ಟು ಚುರುಕಾಗಿ ಹೇಳಿಕೊಡುವ ಪಾಠ ನನಗಂತೂ ಬೇರೆ ಗೊತ್ತಿಲ್ಲ.

ನಮ್ಮ ಹಳೆಯ ಗಂಜೀಫಾ ಇದಕ್ಕೂ ಬಿಗಿ. ದುಂಡನೆಯ ಎಲೆ, ಅಂಗೈಯಲ್ಲಿ ಮುಚ್ಚಿಕೊಳ್ಳುವಷ್ಟು ಚಿಕ್ಕದು. ದಶಾವತಾರ ಗಂಜೀಫಾದಲ್ಲಿ ಹತ್ತು ಅವತಾರಕ್ಕೆ ಹತ್ತು ಪಂಗಡ. ಪ್ರತಿ ಪಂಗಡದಲ್ಲಿ ರಾಜ, ಮಂತ್ರಿ, ಒಂದರಿಂದ ಹತ್ತು. ಒಟ್ಟು 120 ಎಲೆ. ಮೂವರು ಆಡಿದರೆ ತಲಾ ನಲವತ್ತು. ಐದು ಪಂಗಡಗಳಲ್ಲಿ ಹತ್ತು ದೊಡ್ಡದು, ಒಂದು ಚಿಕ್ಕದು. ಇನ್ನೈದು ಪಂಗಡಗಳಲ್ಲಿ ಒಂದೇ ದೊಡ್ಡದು, ಹತ್ತು ಚಿಕ್ಕದು. ಹಗಲಿನಲ್ಲಿ ರಾಮನ ಎಲೆ ಇದ್ದವರು ಆಟ ಶುರು ಮಾಡಬೇಕು, ರಾತ್ರಿಯಲ್ಲಿ ಕೃಷ್ಣನ ಎಲೆ ಇದ್ದವರು. ಇಷ್ಟನ್ನೂ ನೆನಪಿಟ್ಟು, ಬಿದ್ದ ಎಲೆಗಳನ್ನೂ ನೆನಪಿಟ್ಟು ಆಡಬೇಕು. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಇಂಥ ಆಟಗಳ ಮೇಲೆ ಅಪಾರ ಪ್ರೀತಿ. ಅವರ ಶ್ರೀತತ್ತ್ವನಿಧಿಯ ಕೊನೆಯ ಭಾಗವಾದ ಕೌತುಕನಿಧಿಯಲ್ಲಿ ಮಣೆಯಾಟಗಳೂ ಚದ ಎಂಬ ಎಲೆಯಾಟಗಳೂ ಬರುತ್ತವೆ. ಗಂಜೀಫಾ ಈಗ ಗೋಡೆಗೆ ತೂಗುವ ಚಿತ್ರವಾಗಿ ಉಳಿದಿದೆ. ಆ ಕಲೆ ಉಳಿದದ್ದು ಸಂತೋಷವೇ. ಆದರೆ ಆ ಎಲೆಗಳು ಕೈಯಲ್ಲಿ ಓಡಾಡಬೇಕಾದವು. ಅದನ್ನು ಆಡಬಲ್ಲವರು ಕಡಿಮೆಯಾದದ್ದು ನನಗೆ ನಿಜವಾಗಿ ನೋವಿನ ಸಂಗತಿ.

ಕೇಳುಗರೇ, ಎರಡು ಬಗೆಯ ಆಟ ನೋಡಿದೆವು. ಕವಡೆಯಲ್ಲಿ ಹಿಂದಿನದನ್ನು ಮರೆಯಬೇಕು. ಎಲೆಯಲ್ಲಿ ಹಿಂದಿನದನ್ನು ನೆನೆಯಬೇಕು. ಮೂರನೆಯದೊಂದನ್ನು ಹೇಳಿ ಮುಗಿಸುತ್ತೇನೆ. ಇಲ್ಲಿ ಗುಟ್ಟಿನ ಕೈಯೇ ಇಲ್ಲ. ಎಲ್ಲ ಎಲೆಗಳೂ ಎಲ್ಲರೆದುರಿಗೆ. ಗುರುತಿಸಿದವರು ಗೆದ್ದರು.

ಅದರ ಹೆಸರು ಸೆಟ್. ಹುಟ್ಟಿದ್ದು 1974ರಲ್ಲಿ, ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ. ಮಾರ್ಷಾ ಫಾಲ್ಕೊ ಎಂಬ ತಳಿವಿಜ್ಞಾನಿ ಅಲ್ಲಿ ಜರ್ಮನ್ ಶೆಫರ್ಡ್ ನಾಯಿಗಳ ಮೂರ್ಛೆರೋಗ ವಂಶದಿಂದ ಬರುತ್ತದೆಯೇ ಎಂದು ನೋಡುತ್ತಿದ್ದರು. ನಾಯಿಗಳ ವಿವರ ಬರೆದ ಕಾರ್ಡುಗಳ ಮೇಲೆ ಅಕ್ಷರದ ಬದಲು ಗುರುತು ಹಾಕಿದರು. ಗುರುತುಗಳನ್ನು ಹೊಂದಿಸುತ್ತಾ ಅದೇ ಒಂದು ಆಟವಾಯಿತು. ವರ್ಷಗಟ್ಟಲೆ ಮನೆಯವರು, ಸ್ನೇಹಿತರು ಆಡಿದರು. ಅಂಗಡಿಗೆ ಬಂದದ್ದು 1990ರ ಹೊತ್ತಿಗೆ.

ಅದರಲ್ಲಿ 81 ಎಲೆ. ಪ್ರತಿ ಎಲೆಗೆ ನಾಲ್ಕು ಲಕ್ಷಣ: ಎಷ್ಟು, ಯಾವ ಆಕಾರ, ಯಾವ ಬಣ್ಣ, ಒಳಗೆ ತುಂಬಿದೆಯೋ ಖಾಲಿಯೋ ಗೆರೆಯೋ. ಪ್ರತಿ ಲಕ್ಷಣಕ್ಕೆ ಮೂರು ಬಗೆ. ಹನ್ನೆರಡು ಎಲೆ ಹರಡುತ್ತಾರೆ. ಅದರಲ್ಲಿ ಮೂರು ಎಲೆಯ ಒಂದು ಸೆಟ್ ಹುಡುಕಬೇಕು. ನಿಯಮ ಒಂದೇ. ಯಾವ ಲಕ್ಷಣ ತೆಗೆದುಕೊಂಡರೂ ಮೂರರಲ್ಲೂ ಒಂದೇ ಇರಬೇಕು, ಇಲ್ಲವೇ ಮೂರರಲ್ಲೂ ಬೇರೆ ಬೇರೆ ಇರಬೇಕು. ಎರಡು ಒಂದೇ ಥರ ಇದ್ದು ಮೂರನೆಯದು ಬೇರೆಯಾದರೆ ಆಗಲಿಲ್ಲ. ಸರದಿ ಎಂಬುದಿಲ್ಲ. ಕಂಡವರು ಕೂಗಿ ಎತ್ತಿಕೊಳ್ಳುವುದು. ಇದರಲ್ಲಿ ಎಂಟು ವರ್ಷದ ಮಗು ದೊಡ್ಡವರನ್ನು ಸೋಲಿಸುವುದು ಅಪರೂಪವೇನಲ್ಲ.

ಸೆಟ್ ಸಿಗದ ಹಾಗೆ ಹೆಚ್ಚೆಂದರೆ ಎಷ್ಟು ಎಲೆ ಹರಡಬಹುದು? ಇಪ್ಪತ್ತು. ಇಪ್ಪತ್ತೊಂದನೆಯದು ಬಂದರೆ ಸೆಟ್ ಇದ್ದೇ ಇರುತ್ತದೆ. ಇದನ್ನು ಇಟಲಿಯ ಜುಸೆಪ್ಪೆ ಪೆಲ್ಲೆಗ್ರಿನೊ 1971ರಲ್ಲಿ ಸಾಧಿಸಿ ತೋರಿಸಿದರು. ಅಂದರೆ ಆಟ ಹುಟ್ಟುವ ಮೂರು ವರ್ಷ ಮೊದಲೇ. ಅವರು ಬಿಡಿಸಿದ್ದು ಜ್ಯಾಮಿತಿಯ ಬೇರೊಂದು ಲೆಕ್ಕ. ಅದು ಇದೇ ಲೆಕ್ಕ ಎಂದು ಆಮೇಲೆ ತಿಳಿಯಿತು. ಅದೃಷ್ಟ ಎಷ್ಟೇ ಕೆಟ್ಟರೂ ಇಪ್ಪತ್ತರಾಚೆ ಹೋಗುವಂತಿಲ್ಲ. ಲಕ್ಷಣಗಳ ಸಂಖ್ಯೆ ಏರಿಸುತ್ತಾ ಹೋದರೆ ಈ ಮಿತಿ ಎಷ್ಟಾಗುತ್ತದೆ ಎಂಬುದು ಗಣಿತಜ್ಞರನ್ನು ಬಹಳ ಕಾಲ ಕಾಡಿತು. 2016ರಲ್ಲಿ ಎಲೆನ್‌ಬರ್ಗ್ ಮತ್ತು ಖೈಸ್ವೈಟ್ ಎಂಬ ಇಬ್ಬರು ಅದರಲ್ಲಿ ದೊಡ್ಡ ಹೆಜ್ಜೆ ಇಟ್ಟರು.

ಕೊಂಡುಕೊಳ್ಳಬೇಕಿಲ್ಲ. ಇದರ ಚಿಕ್ಕ ರೂಪವನ್ನು ಮನೆಯಲ್ಲೇ ಮಾಡಬಹುದು. ಹಳೆಯ ಲಗ್ನಪತ್ರಿಕೆಗಳ ಹಿಂಬದಿ ಖಾಲಿ ಇರುತ್ತದೆ. ಒಂದೇ ಅಳತೆಯ 27 ಚೂರು ಕತ್ತರಿಸಿ. ಮೂರು ಲಕ್ಷಣ ಸಾಕು. ಆಕಾರ ಮೂರು: ಬೊಟ್ಟು, ತ್ರಿಕೋನ, ಚೌಕ. ಸಂಖ್ಯೆ ಮೂರು: ಒಂದು, ಎರಡು, ಮೂರು. ಬಣ್ಣ ಮೂರು: ಕಪ್ಪು, ನೀಲಿ, ಹಳದಿ. ಕೆಂಪು, ಹಸಿರು ಬೇಡ ಎನ್ನುತ್ತೇನೆ. ಅವೆರಡನ್ನು ಬೇರೆ ಮಾಡಿ ಗುರುತಿಸಲಾಗದವರು ಹಲವು ಮನೆಗಳಲ್ಲಿದ್ದಾರೆ, ಹೆಚ್ಚಾಗಿ ಗಂಡುಮಕ್ಕಳು. ಅವರೂ ಸಮನಾಗಿ ಆಡಬೇಕು.

ಈಗ ಕೂತಲ್ಲೇ ಒಂದು ಪ್ರಶ್ನೆ. ಮೊದಲ ಎಲೆಯಲ್ಲಿ ಒಂದು ನೀಲಿ ತ್ರಿಕೋನ. ಎರಡನೆಯದರಲ್ಲಿ ಎರಡು ನೀಲಿ ಚೌಕ. ಮೂರನೆಯ ಎಲೆ ಯಾವುದು? ಬಣ್ಣ ಎರಡರಲ್ಲೂ ಒಂದೇ, ಹಾಗಾಗಿ ಮೂರನೆಯದೂ ನೀಲಿ. ಸಂಖ್ಯೆ ಒಂದು, ಎರಡು, ಹಾಗಾಗಿ ಮೂರು. ಆಕಾರ ತ್ರಿಕೋನ, ಚೌಕ, ಹಾಗಾಗಿ ಬೊಟ್ಟು. ಮೂರು ನೀಲಿ ಬೊಟ್ಟು. ಯಾವ ಎರಡು ಎಲೆ ಹಿಡಿದರೂ ಅವಕ್ಕೆ ಹೊಂದುವ ಮೂರನೆಯದು ಒಂದೇ ಒಂದು. ಇನ್ನೊಂದನ್ನು ನಿಮಗೇ ಬಿಡುತ್ತೇನೆ. ಎರಡು ಕಪ್ಪು ಬೊಟ್ಟು, ಮೂರು ಹಳದಿ ಬೊಟ್ಟು. ಮೂರನೆಯದು?

ಮಕ್ಕಳ ಜೊತೆ ಆಡುವಾಗ ದೊಡ್ಡವರಿಗೆ ಒಂದು ವಿನಂತಿ. ಉತ್ತರ ಹೇಳಿಬಿಡಬೇಡಿ. "ಯಾಕೆ ಆ ಎಲೆ ಎತ್ತಿದೆ?" ಎಂದು ಕೇಳಿ. "ಸುಮ್ನೆ" ಎಂದರೆ ಇನ್ನೊಮ್ಮೆ ಕೇಳಿ. ಚೌಕಾಬಾರದಲ್ಲೂ ಹಾಗೆಯೇ, ರಮ್ಮಿಯಲ್ಲೂ ಹಾಗೆಯೇ. ಕಾರಣ ಬಾಯಿಂದ ಬರಲಿ. ಮಗು ತಪ್ಪು ಕಾರಣ ಹೇಳಿದರೂ ಅದು ಯೋಚಿಸಿದೆ ಎಂದಾಯಿತು.

ಎಲೆ ತಯಾರಾದ ಮೇಲೆ ಒಂಬತ್ತು ಹರಡಿ. ಸೆಟ್ ಕಾಣದಿದ್ದರೆ, ಎಲ್ಲರೂ ಒಪ್ಪಿದ ಮೇಲೆ ಹತ್ತನೆಯದನ್ನು ಇಡಿ. ಈ 27 ಎಲೆಯ ಆಟದಲ್ಲಿ ಒಂಬತ್ತೇ ಮಿತಿ. ಹತ್ತು ಎಲೆ ನೆಲದ ಮೇಲಿದ್ದರೆ "ಇಲ್ಲ" ಎನ್ನುವಂತಿಲ್ಲ. ಇದೆ, ಹುಡುಕಿ.